ಬೂದಿ ಬೀಳದ ಇಂಜಿನ್ನು

ವಾಡಿ ಜಂಕ್ಷನ್ನಿನ ನಮ್ಮ ಓಣಿಯಲ್ಲಿ ಒಲೆಗಳು ಉರಿಯುತ್ತಿದ್ದದ್ದು ಉಗಿ ಇಂಜಿನ್ನುಗಳು ಸುರಿದ ಬೂದಿಯಿಂದ. ಅದರಲ್ಲಿ ಅರೆ ಸುಟ್ಟ ಕಲ್ಲಿದ್ದಲ ಚೂರುಗಳು ಉಳಿದಿರುತ್ತಿದ್ದವು. ಅವ್ವ ಮತ್ತು ನಾವು ಖಾಲಾ, ಅಂದರೆ ಚಿಕ್ಕಮ್ಮ, ಎಂದು ಕರೆಯುತ್ತಿದ್ದ ಪಕ್ಕದ ಮನೆಯಾಕೆ ಬುಟ್ಟಿ ಹಿಡಿದು ಹೋಗಿ ಅವನ್ನು ಆರಿಸಿ ತರುತ್ತಿದ್ದರು. ಅವ್ವ ತಂದದ್ದು ನಮ್ಮ ಒಲೆಗೆ. ಗಂಡನನ್ನು ಕಳೆದುಕೊಂಡಿದ್ದ ಖಾಲಾ ಅದನ್ನೇ ಚಹಾದಂಗಡಿಗಳಿಗೆ ಮಾರಿ ಮಗಳನ್ನು ಸಾಕುತ್ತಿದ್ದಳು.

ಡೀಸೆಲ್ ಇಂಜಿನ್ನುಗಳು ಬರತೊಡಗಿದ ಮೇಲೆ ಬೂದಿಯ ಗುಡ್ಡೆ ಕರಗುತ್ತ ಬಂತು. ಒಂದು ಬೆಳಿಗ್ಗೆ ಖಾಲಾ ಹೊಸ ಇಂಜಿನ್ನಿನ ಡ್ರೈವರನನ್ನೇ ಕೇಳಿದಳು: “ಸಾಹೇಬ್ರ, ಇದರ ಬೂದಿ ಎಲ್ಲಿ ಚೆಲ್ತೀರಿ?”

“ಇದಕ್ಕ ಬೂದಿನೇ ಇಲ್ಲ ಯಕ್ಕಾ, ಎಣ್ಣಿ ಮ್ಯಾಲ ಓಡ್ತದ. ಮುಂದ ಕರೆಂಟಿನ ಇಂಜಿನ್ ಬರ್ತಾವಂತ, ಆಗ ಎಣ್ಣಿನೂ ಬ್ಯಾಡ.”

“ಮುಂದಿಂದು ನೀವು ನೋಡ್ಕೋರಿ. ನಾ ನಾಳಿಗಿ ಏನ್ ಮಾರ್ಲಿ?”

ಅವನು ಸೀಟಿ ಊದಿ ಇಂಜಿನ್ನು ಹೊರಡಿಸಿದ.

ಅವ್ವ ನಾಲವಾರದ ಹೊಲಗಳಿಂದ ತೊಗರಿ ಕಟ್ಟಿಗೆ ತರತೊಡಗಿದಳು. ಹೊಗೆ ಹೆಚ್ಚಾಯಿತು, ಆದರೂ ರೊಟ್ಟಿ ತಪ್ಪಲಿಲ್ಲ. ಖಾಲಾ ಮಾತ್ರ ಮಗಳನ್ನು ಕರೆದುಕೊಂಡು ಶಹಾಬಾದದ ಕಲ್ಲಿನ ಗಣಿಗೆ ಕೂಲಿಗೆ ಹೊರಟಳು.

“ಕಲ್ಲು ಒಡಿಯೂದು ಭಾಳ ಕಷ್ಟದ ಕೆಲಸ ಅದ,” ಎಂದಳು ಅವ್ವ, ಸ್ಟೇಷನ್ನಿನಲ್ಲಿ ಅವಳ ಕೈ ಹಿಡಿದು.

“ಗೊತ್ತದ ಯಕ್ಕಾ. ಆದ್ರ ಕಲ್ಲು ನಾಳಿಗೂ ಅಲ್ಲೇ ಇರ್ತದ.”

ಆಮೇಲೆ ಅವಳು ವಾಡಿಗೆ ಬಂದದ್ದು ಒಮ್ಮೆ ಮಾತ್ರ, ಮಗಳ ಮದುವೆಗೆ ಕರೆಯಲು. ಅಷ್ಟರಲ್ಲೇ ಅವಳು ಅವ್ವನಿಗಿಂತ ಮುದುಕಿಯಾಗಿ ಕಾಣುತ್ತಿದ್ದಳು.

ಜಗತ್ತು ಯಾವ ಇಂಧನ ಬಿಟ್ಟು ಯಾವುದಕ್ಕೆ ಹೋಗಬೇಕೆಂದು ತಿಳಿದವರು ಚರ್ಚಿಸುವುದನ್ನು ಈಗಲೂ ಕೇಳುತ್ತೇನೆ. ಬಿಟ್ಟ ಇಂಧನವನ್ನೇ ನಂಬಿದ್ದವರ ಬಗ್ಗೆ ಯಾರಾದರೂ ಮಾತೆತ್ತುತ್ತಾರೇನೋ ಎಂದು ಚರ್ಚೆಯ ಕೊನೆಯವರೆಗೂ ಕಾಯುತ್ತೇನೆ.