ಎರಡನೇ ಸಲದ ಅಮರೇಶ

ಕುರುಬರಹಳ್ಳಿಯ ಮುನಿಲಕ್ಷ್ಮಮ್ಮನವರ ಮಹಡಿ ರೂಮಿನಲ್ಲಿ ಬಾಡಿಗೆಗಿದ್ದ ರಾಯಚೂರಿನ ಅಮರೇಶನಿಗೆ ಗೇಟ್ ಪರೀಕ್ಷೆಯಲ್ಲಿ ಎಂ.ಟೆಕ್ ಸೀಟಿನ ಹತ್ತಿರವೂ ಸುಳಿಯದಂಥ ಸ್ಕೋರು ಬಂದಾಗ, ಅವನು ಮೊದಲು ಮಾಡಿದ ಕೆಲಸವೆಂದರೆ ಹೊಸ ಟೈಮ್‌ಟೇಬಲ್ಲಿಗೆಂದು ಸ್ಕೆಚ್ ಪೆನ್ನು ಕೊಂಡದ್ದು. ಅದಕ್ಕೆ ಬಣ್ಣ ತುಂಬುವಷ್ಟರಲ್ಲಿ ಓದುವ ಹೊತ್ತು ಮುಗಿದಿರುತ್ತಿತ್ತು. ನಾಳೆಯಿಂದ ಸೀರಿಯಸ್ಸು ಎಂದುಕೊಂಡು ಟೀ ಅಂಗಡಿಗೆ ಇಳಿಯುತ್ತಿದ್ದ. "ಸಿಲಬಸ್ ಎಲ್ಲಾ ಬರ್ತದ ಅಣ್ಣಾ, ಟೈಮ್ ಸಾಲಲಿಲ್ಲ ಅಷ್ಟ" ಎಂಬುದನ್ನು ಅವನ ಬಾಯಿಂದ ಕೇಳದ ಗಿರಾಕಿ ಅಲ್ಲಿ ಉಳಿದಿರಲಿಲ್ಲ. ಹೋದ ವರ್ಷದ ಗೈಡಿನ ಲೆಕ್ಕಗಳನ್ನೇ ಮತ್ತೆ ಬಿಡಿಸುತ್ತಿದ್ದ. ಸರಿಯುತ್ತರಕ್ಕೆ ಆಗಲೇ ಪೆನ್ಸಿಲಿನಲ್ಲಿ ಹಾಕಿಕೊಂಡಿದ್ದ ಟಿಕ್ಕುಗಳನ್ನು ಹೆಬ್ಬೆರಳಿನಿಂದ ಮುಚ್ಚಿಕೊಳ್ಳುವುದೇನೋ ನಿಜ, ಆದರೆ ಬೆರಳು ಅದು ಹೇಗೋ ಜಾರುತ್ತಿತ್ತು, ಲೆಕ್ಕಗಳೆಲ್ಲ ಸರಿಯಾಗುತ್ತಿದ್ದವು, ಅಮರೇಶ ಶಿಳ್ಳೆ ಹಾಕುತ್ತ ಪುಟ ತಿರುವುತ್ತಿದ್ದ. ಒಂದು ಸಂಜೆ ಟ್ಯಾಂಕಿನಲ್ಲಿ ನೀರಿಲ್ಲವೆಂದು ಹೇಳಲು ಕೆಳಗಿಳಿದರೆ, ಮುನಿಲಕ್ಷ್ಮಮ್ಮ ಹುರುಳಿಕಾಯಿ ಸೋಸುತ್ತ ಧಾರಾವಾಹಿ ನೋಡುತ್ತಿದ್ದಾರೆ. ಟಿವಿಯಿಂದ ಒಂದಿಷ್ಟೂ ಸದ್ದಿಲ್ಲ. "ಟಿವಿ ಕೆಟ್ಟದೇನ್ರಿ ಆಂಟಿ?" ಎಂದ. "ಕೆಟ್ಟಿಲ್ಲ ಕಣಪ್ಪ. ಮೇಲೆ ನೀನು ಓದ್ಕೊಂತೀಯಲ್ಲ, ಹೋದ ವರ್ಷದಿಂದ ಹಿಂಗೇ ನೋಡೋದು. ಯಾರು ಅಳ್ತಾವ್ರೆ, ಯಾರು ನಗ್ತಾವ್ರೆ ಅಂತ ಮುಖ ನೋಡಿದ್ರೆ ಗೊತ್ತಾಗ್ತದೆ ಬಿಡು" ಎಂದರು ಅವರು, ಪರದೆಯಿಂದ ಕಣ್ಣು ತೆಗೆಯದೆ. ಅಮರೇಶ ನೀರಿನ ಮಾತನ್ನೇ ಮರೆತು ಮೆಟ್ಟಿಲು ಹತ್ತಿದ. ಸದ್ದಾಗದಂತೆ ಬಾಗಿಲು ಮುಂದೆ ಮಾಡಿಕೊಂಡು, ರಬ್ಬರು ಹುಡುಕಿ, ಗೈಡಿನ ಮೊದಲ ಪುಟದಿಂದ ಟಿಕ್ಕುಗಳನ್ನು ಒಂದೊಂದಾಗಿ ಅಳಿಸತೊಡಗಿದ.