ಸಂಕಪ್ಪಣ್ಣನ ಹಗುರ ಕೈ

ಗಂಡನ ಎದುರೇ, ಅತ್ತೆಯ ಎದುರೇ, ಮನೆಯ ಹೆಂಗಸಿನ ಕೈ ಹಿಡಿದು ಕೂತುಕೊಳ್ಳುವ ಹಕ್ಕು ನಮ್ಮ ಕಡೆ ಒಬ್ಬನೇ ಪರಗಂಡಸಿಗೆ ಇತ್ತು, ಬಳೆಗಾರನಿಗೆ. ಡಾಕ್ಟರಿಗೂ ಅಷ್ಟು ಸಲಿಗೆ ಇರಲಿಲ್ಲ. ನಾಡಿ ನೋಡಿ ಕೈ ಬಿಡಬೇಕಿತ್ತು. ನಮ್ಮ ಬಳೆಗಾರ ಸಂಕಪ್ಪಣ್ಣ ಮಾತ್ರ ಜಗಲಿಯಲ್ಲಿ ಚಕ್ಕಳಮಕ್ಕಳ ಹಾಕಿ ಕೂತು ನಮ್ಮ ಕೈಯನ್ನು ತಮ್ಮ ಮೊಣಕಾಲ ಮೇಲೆ ಇರಿಸಿಕೊಂಡು ಊರ ಸುದ್ದಿಯನ್ನೆಲ್ಲ ಹೇಳಿ ಮುಗಿಸುತ್ತಿದ್ದರು. ಮುಖ ಮಾತ್ರ ನೋಡುತ್ತಿರಲಿಲ್ಲ. ಪುತ್ತೂರು ಪೇಟೆಯಲ್ಲಿ ಎದುರಾದರೆ ಅವರ ಕಣ್ಣು ಮೊದಲು ಹೋಗುವುದು ಮಣಿಕಟ್ಟಿಗೆ. "ಓ, ಕೋಡಿಂಬಾಳದ ಎರಡೂಕಾಲು!" ಎಂದು ಗುರುತು ಹಿಡಿಯುತ್ತಿದ್ದರು. ಎರಡೂಕಾಲು ಎಂದರೆ ನನ್ನ ಬಳೆಯ ಅಳತೆ, ಇಂಚಿನ ಲೆಕ್ಕದಲ್ಲಿ. ಹೆಸರು ಸರಸ್ವತಿ ಎಂದು ಅವರಿಗೆ ನೆನಪಿತ್ತೋ ಇಲ್ಲವೋ, ದೇವರೇ ಬಲ್ಲ.

ಪುತ್ತೂರಿನಿಂದ ಕಡಬದವರೆಗೆ, ಅತ್ತ ಸುಳ್ಯದ ಮರ್ಕಂಜದವರೆಗೆ, ಹೆಗಲ ಮೇಲೆ ಬಳೆಯ ಮಲಾರ ಹೊತ್ತು ತಿರುಗುವವರು. ತೆಳ್ಳಗೆ, ಕಪ್ಪಗೆ, ಕಿವಿಯಲ್ಲಿ ಒಂಟಿ. ಮೈಯೆಲ್ಲ ಕಡ್ಡಿಯಂತಿದ್ದರೂ ಬೆರಳುಗಳಲ್ಲಿ ಏನು ಬಲ ಅಂತೀರಿ! ಗಂಟು ದಪ್ಪದ ಕೈಗೆ ಸಾಬೂನಿನ ನೊರೆ ಹಚ್ಚಿ, ಹೆಬ್ಬೆರಳ ಬುಡವನ್ನು ಒಳಗೆ ಮಡಚಿ ಅಮುಕಿ, "ಅಗೊ, ಬೆಕ್ಕು ಹಾಲಿಗೆ ಬಾಯಿ ಹಾಕ್ತಾ ಉಂಟು" ಎನ್ನುವರು. ನಾವು ಅತ್ತ ತಿರುಗುವಷ್ಟರಲ್ಲಿ ಬಳೆ ಮಣಿಕಟ್ಟಿನಲ್ಲಿ. ಬೆಕ್ಕೂ ಇಲ್ಲ, ಹಾಲೂ ಇಲ್ಲ. ಹೆದರಿ ಕೈ ಬಿಗಿ ಮಾಡಿದವರಿಗೆ ಅವರದೊಂದು ಮಾತಿತ್ತು: "ಕೈ ಸಡಿಲ ಬಿಡಿ. ಈಗ ಇದು ನಿಮ್ಮ ಕೈ ಅಲ್ಲ, ನಂದು."

ನಾನು ಕೋಡಿಂಬಾಳದಿಂದ ಮದುವೆಯಾಗಿ ಕಬಕಕ್ಕೆ ಬಂದದ್ದು ಐವತ್ತರ ದಶಕದ ಕೊನೆಯಲ್ಲಿ. ವಿಟ್ಲದ ರಸ್ತೆ ತಿರುಗುವಲ್ಲಿ ಮಾವನ ಹೋಟೆಲು, ಅದರ ಹಿಂದೆಯೇ ಮನೆ. ಹೋಟೆಲಿನ ದೋಸೆಗೂ ಇಡ್ಲಿಗೂ ಅರೆಯುವುದು ಅತ್ತೆ. ಅರೆಯುವ ಕಲ್ಲಿನ ಮುಂದೆ ಕೂತರೆಂದರೆ ಅವರ ಬಲಗೈಯ ಹಸಿರು ಬಳೆಗಳ ಸದ್ದು ಗಿರಾಕಿಗಳಿಗೂ ಕೇಳಿಸುತ್ತಿತ್ತು. ನಾನು ಸೊಸೆಯಾಗಿ ಬಂದ ವರ್ಷವೇ ಅತ್ತೆಯ ಬಲ ಎದೆಯಲ್ಲಿ ಗಂಟು ಕಂಡಿತು. ಮಂಗಳೂರಿನ ಆಸ್ಪತ್ರೆಯಲ್ಲಿ ಎದೆಯನ್ನೂ ಕಂಕುಳಿನ ಗಂಟುಗಳನ್ನೂ ತೆಗೆದರು. ಅತ್ತೆ ಮನೆಗೆ ಬಂದಾಗ ಬಲಗೈಯಲ್ಲಿ ಬಳೆ ಇರಲಿಲ್ಲ. ಮುತ್ತೈದೆಯ ಕೈ ಬರಿದಾಗಿ ಇರಬಾರದೆಂದು ಅರಸಿನ ಹಚ್ಚಿದ ದಾರವೊಂದನ್ನು ಸಡಿಲವಾಗಿ ಕಟ್ಟಿಕೊಂಡಿದ್ದರು.

ಆ ಕೈಗೆ ಬಿಗಿಯಾದದ್ದೇನೂ ಹಾಕಬಾರದು, ಗಾಯ ಆಗಲೇಬಾರದು ಎಂದು ಆಸ್ಪತ್ರೆಯಲ್ಲಿ ಹೇಳಿ ಕಳಿಸಿದ್ದರು. ಅತ್ತೆ ಅದನ್ನು 'ಸ್ವಲ್ಪ ದಿನದ ಮಟ್ಟಿಗೆ' ಎಂದು ಅರ್ಥ ಮಾಡಿಕೊಂಡರು. ಅರ್ಥ ಮಾಡಿಕೊಂಡರೋ, ಬೇಕಾದಷ್ಟನ್ನೇ ಕೇಳಿಸಿಕೊಂಡರೋ! ಅಷ್ಟರಲ್ಲಿ ನಾನು ಬಸುರಿಯಾದೆ, ಸೀಮಂತ ಬಂತು. ಸೀಮಂತವೆಂದರೆ ಬಂದ ಹೆಂಗಸರಿಗೆಲ್ಲ ಬಳೆ ತೊಡಿಸಬೇಕು, ಮೊದಲು ಬಸುರಿಗೆ, ಆಮೇಲೆ ಅವಳ ಅತ್ತೆಗೆ.

ನನ್ನ ಕೈ ತುಂಬಿಸಿ ಸಂಕಪ್ಪಣ್ಣ ಅತ್ತೆಯ ಬಲಗೈಯನ್ನು ಮೊಣಕಾಲ ಮೇಲೆ ಇರಿಸಿಕೊಂಡರು. ಬೆರಳು ಸೋಕಿದ ಕೂಡಲೇ ಮಣಿಕಟ್ಟನ್ನು ಎರಡೆರಡು ಸಲ ಅಳೆದು ನೋಡಿದರು.

"ಅಕ್ಕ, ಕೈ ಸ್ವಲ್ಪ ಬಾತ ಹಾಗೆ ಉಂಟು. ದೊಡ್ಡ ಅಳತೆದು ಹಾಕುವ."

"ಬೇಡ. ಹಳೇ ಅಳತೆದೇ ಹಾಕು."

"ಬಿಗಿ ಆದೀತು ಅಕ್ಕ."

ಅತ್ತೆ ದನಿ ತಗ್ಗಿಸಿದರು. "ಎಷ್ಟು ಹೆಂಗಸರು ನೋಡ್ತಾ ಇದ್ದಾರೆ ಮಾರಾಯ. ದೊಡ್ಡ ಬಳೆ ಹಾಕಿದ್ರೆ ರೋಗ ಇನ್ನೂ ಒಳಗೆ ಉಂಟು ಅಂತ ಊರಿಡೀ ಹೇಳ್ತಾರೆ. ನನ್ನ ಸೊಸೆಯ ಸೀಮಂತದ ದಿನ ಅದು ಬೇಡ. ಹಾಕು ನೀನು."

ಸಂಕಪ್ಪಣ್ಣ ಹಾಕಿದರು. ಸಾಬೂನು ಹಚ್ಚಿ, ಅಮುಕಿ, ಬೆಕ್ಕಿನ ಸುಳ್ಳು ಹೇಳಿ, "ಈಗ ಇದು ನಿಮ್ಮ ಕೈ ಅಲ್ಲ, ನಂದು" ಎಂದು ಹೇಳಿ. ಕೊನೆಯ ಬಳೆ ಹೆಬ್ಬೆರಳ ಗಂಟಿನಲ್ಲಿ ಸೀಳಿ ಚರ್ಮವನ್ನು ಗೀರಿತು. ಸಾಸಿವೆಯಷ್ಟು ರಕ್ತ. ಅವರು ಹೆಗಲ ಬೈರಾಸಿನಿಂದ ಒರೆಸಿದರು, ಅತ್ತೆ ನಕ್ಕರು. ನಾನು ಪಕ್ಕದಲ್ಲೇ ಹೂ ಮುಡಿದು ಕೂತಿದ್ದೆ. ಎಲ್ಲವೂ ನನಗೆ ಕೇಳಿಸಿತ್ತು. ಅತ್ತೆಗೆ ನನ್ನ ಮೇಲೆ ಎಷ್ಟು ಪ್ರೀತಿ ಎಂದು ಒಳಗೊಳಗೇ ಹಿಗ್ಗುತ್ತಿದ್ದೆ, ಹುಚ್ಚಿ.

ನಾಲ್ಕು ದಿನಕ್ಕೇ ಜ್ವರ. ಕೈ ಭುಜದವರೆಗೆ ಕೆಂಪೇರಿ ಬಾತು, ಬಳೆಗಳು ಮಾಂಸದಲ್ಲಿ ಹುಗಿದುಹೋದವು. ಮಾವ ಸಂಕಪ್ಪಣ್ಣನಿಗೆ ಹೇಳಿ ಕಳಿಸಿದರು. ತೊಡಿಸುವ ಕೈಯಿಂದ ಮುತ್ತೈದೆಯ ಬಳೆ ಒಡೆಯಬಾರದು ಎಂಬುದು ಅವರ ಕಸುಬಿನ ಕಟ್ಟು. ಆದರೂ ಅವರು ಬಂದು, ಬಟ್ಟೆ ಸುತ್ತಿದ ಇಕ್ಕುಳದಿಂದ ಒಂದೊಂದೇ ಬಳೆಯನ್ನು ಒಡೆದು ತೆಗೆದರು. ಚೂರುಗಳನ್ನೆಲ್ಲ ಬೈರಾಸಿನಲ್ಲಿ ಕಟ್ಟಿಕೊಂಡು ಮೆಟ್ಟಿಲು ಇಳಿದರು. ಹೋಟೆಲಿನ ಹಿಂದಿನ ಬಾವಿಕಟ್ಟೆಯಲ್ಲಿ ಕೂತು ಅಳುತ್ತಿದ್ದುದನ್ನು ನಾನು ಕಿಟಕಿಯಿಂದ ಕಂಡೆ.

ಹೆರಿಗೆಗೆ ತವರಿಗೆ ಹೋಗಿ ಮಗುವಿನೊಂದಿಗೆ ಮರಳುವಾಗ ಅತ್ತೆಯ ಜ್ವರ ಬಿಟ್ಟಿತ್ತು, ಬಾವು ಬಿಟ್ಟಿರಲಿಲ್ಲ. ಬಲಗೈ ದಿಂಬಿನಂತಾಗಿತ್ತು. ಮೊಮ್ಮಗನನ್ನು ಎತ್ತಿಕೊಳ್ಳಲು ಕೈ ಚಾಚಹೋಗಿ, ಆ ಕೈ ಏಳದೆ, "ನೀನೇ ತೊಡೆಯ ಮೇಲೆ ಮಲಗಿಸು ಸರಸು" ಎಂದರು. ನಾನು ಮಲಗಿಸಿದೆ. ನನ್ನ ಸೀಮಂತ ನಡೆಯದೇ ಇದ್ದಿದ್ದರೆ ಆ ಕೈ ಹೀಗಾಗುತ್ತಿರಲಿಲ್ಲ.

ಮತ್ತೆ ಮಂಗಳೂರಿಗೆ ಹೊರಟೆವು. ಬಸ್ಸು ಹತ್ತಿದರೆ ಹಿಂದಿನ ಸೀಟಿನಲ್ಲಿ ಸಂಕಪ್ಪಣ್ಣ! ಯಾರೂ ಕರೆದಿರಲಿಲ್ಲ. ಮಾವ ನೋಡಿಯೂ ನೋಡದ ಹಾಗೆ ಕೂತರು.

ಆಸ್ಪತ್ರೆಯಲ್ಲಿ ಹೊರದೇಶದ ಸಿಸ್ಟರ್ ಒಬ್ಬರಿದ್ದರು. ಅವರು ತಮ್ಮ ಊರಿನಲ್ಲಿ ಕಲಿತ ವಿದ್ಯೆಯೊಂದನ್ನು ನಮಗೆ ತೋರಿಸಿದರು. ಮೈಯಲ್ಲಿ ರಕ್ತಕ್ಕೆ ಇರುವ ಹಾಗೆ ಒಂದು ತಿಳಿನೀರಿಗೂ ಸಣ್ಣ ನಾಳಗಳ ದಾರಿ ಉಂಟಂತೆ. ಕಂಕುಳಿನ ಗಂಟುಗಳು ಆ ದಾರಿಗಳೆಲ್ಲ ಕೂಡುವ ಜಂಕ್ಷನ್ನುಗಳು. ಅವನ್ನು ತೆಗೆದ ಮೇಲೆ ಕೈಯ ನೀರಿಗೆ ಹೋಗಲು ಜಾಗವಿಲ್ಲ. ಜ್ವರ ಬಂದು ಉಳಿದ ದಾರಿಯೂ ಕೆಟ್ಟಿತು. ನಿಂತ ನೀರನ್ನು ಸವರಿ ಸವರಿ ನಿಧಾನವಾಗಿ ಬೇರೆ ಕಡೆಗೆ ಸಾಗಿಸಬೇಕು. ಆ ನೀರಿಗೆ ದುಗ್ಧರಸ ಎಂಬ ಚಂದದ ಹೆಸರಿದೆಯೆಂದು ನನಗೆ ಗೊತ್ತಾದದ್ದು ಮಗ ಹೈಸ್ಕೂಲಿಗೆ ಹೋದ ಮೇಲೆ.

ಎಣ್ಣೆ ಹಾಕಿ ಗಟ್ಟಿಯಾಗಿ ತಿಕ್ಕಿದರೆ ಆಗದೇ ಎಂದು ನಾನು ಕೇಳಿದೆ. ನಮ್ಮಲ್ಲಿ ಉಳುಕಿಗೂ ಬಾಣಂತಿಗೂ ಅದೇ ಮದ್ದಲ್ಲವೇ. ಸಿಸ್ಟರ್ ತಲೆ ಅಲ್ಲಾಡಿಸಿದರು. "ಚರ್ಮ ಮಾತ್ರ. ಮಾಂಸ ಬೇಡ," ಎಂದರು ತಮ್ಮ ಮುರುಕು ಕನ್ನಡದಲ್ಲಿ. ಮೊದಲು ಕುತ್ತಿಗೆ, ಆಮೇಲೆ ಎದೆಯನ್ನು ದಾಟಿ ಆಚೆ ಕಂಕುಳು, ಆಮೇಲೆ ಭುಜ, ತೋಳು, ಎಲ್ಲಕ್ಕಿಂತ ಕೊನೆಗೆ ಅಂಗೈ. ಬಾತದ್ದು ಕೈ, ಶುರು ಮಾಡುವುದು ಕುತ್ತಿಗೆಯಿಂದ! ನನಗೆ ತಲೆಬುಡ ಹತ್ತಲಿಲ್ಲ. ಬಾಗಿಲಲ್ಲಿ ನಿಂತಿದ್ದ ಸಂಕಪ್ಪಣ್ಣನಿಗೆ ಹತ್ತಿತು.

"ಮುಂದಿನ ಗಾಡಿ ಹೋದ ಮೇಲಲ್ವಾ ತಂಗಿ, ಹಿಂದಿನದ್ದಕ್ಕೆ ದಾರಿ," ಎಂದರು. ಸೀಮಂತದ ದಿನದ ನಂತರ ನಮ್ಮೆದುರು ಅವರು ಆಡಿದ ಮೊದಲ ಮಾತು ಅದು.

ಬರುವಾಗ ಬಸ್ಸಿನಲ್ಲಿ ಇಡೀ ದಾರಿ ತಮ್ಮ ಮೊಣಕಾಲನ್ನೇ ಮೆಲ್ಲ ಮೆಲ್ಲ ಸವರುತ್ತಾ ಬಂದರು. ಅಮುಕಿ ಅಮುಕಿ ಹದವಾದ ಬೆರಳುಗಳು; ಹಗುರ ಮಾಡಲು ಹೋದರೂ ಮತ್ತೆ ಮತ್ತೆ ಅಮುಕಿಯೇ ಬಿಡುತ್ತಿದ್ದವು. "ಎಂತ ಸಂಕಪ್ಪಣ್ಣ, ಮೊಣಕಾಲಿಗೆ ಬಳೆ ಹಾಕ್ತೀರಾ?" ಎಂದು ಕಂಡಕ್ಟರ್ ನಕ್ಕ. ಅವರು ತಲೆಯೆತ್ತಲೂ ಇಲ್ಲ.

ಮರುದಿನದಿಂದ ಮನೆಯಲ್ಲಿ ಸವರುವ ಕೆಲಸ ಶುರುವಾಯಿತು. ಬಳೆಗಾರನಿಗೆ ಸಲಿಗೆ ಇದ್ದದ್ದು ಮೊಣಕೈಯವರೆಗೆ ಮಾತ್ರ. ಹಾಗಾಗಿ ಒಳಕೋಣೆಯಲ್ಲಿ ಕುತ್ತಿಗೆಯಿಂದ ತೋಳಿನವರೆಗೆ ನನ್ನ ಪಾಲು. ಅದು ಮುಗಿದ ಮೇಲೆ ಅತ್ತೆ ಸೆರಗು ಸರಿಮಾಡಿಕೊಂಡು ಜಗಲಿಗೆ ಬರಬೇಕು, ಮೊಣಕೈಯಿಂದ ಕೆಳಗೆ ಸಂಕಪ್ಪಣ್ಣನ ಪಾಲು. ಕೊನೆಗೆ ಹಳೆ ಸೀರೆಯ ಪಟ್ಟಿಯನ್ನು ಬೆರಳಿನಿಂದ ಮೇಲಕ್ಕೆ ಸುತ್ತುವುದು ಮತ್ತೆ ನಾನು. ತಿರುಗಾಟ ಎತ್ತ ಹೋದರೂ ಮಧ್ಯಾಹ್ನದ ಊಟದ ಗಲಾಟೆ ಮುಗಿಯುವಷ್ಟರಲ್ಲಿ ಅವರು ಕಬಕದಲ್ಲಿ ಇಳಿಯುತ್ತಿದ್ದರು. ಮರ್ಕಂಜದ ಕಡೆಗೆ ಹೋಗುವುದನ್ನೇ ಬಿಟ್ಟರು. ಹೋಟೆಲಿಗೆ ಬಂದವರು ಆಡಿಕೊಂಡದ್ದು ಉಂಟು. ಒಬ್ಬ ಏನೋ ಹಗುರವಾಗಿ ಮಾತನಾಡಿದ್ದಕ್ಕೆ ಮಾವ ಅವನ ಎದುರಿನ ಚಾ ಲೋಟ ಎತ್ತಿಕೊಂಡು, "ಹೊರಗೆ ಹೋಗುದು," ಎಂದರು. ಅಷ್ಟೇ.

ಅತ್ತೆಯ ಕೈ ಹಿಡಿದು ಸಂಕಪ್ಪಣ್ಣ ಈಗ ಸುದ್ದಿ ಹೇಳುತ್ತಿರಲಿಲ್ಲ. ಬೆಕ್ಕಿನ ಸುಳ್ಳೂ ಇಲ್ಲ. ಕೈ ನಂದು ಎಂಬ ಆ ಮಾತನ್ನಂತೂ ಯಾರ ಮನೆಯ ಜಗಲಿಯಲ್ಲೂ ಮತ್ತೆ ಆಡಲಿಲ್ಲವಂತೆ.

ಅತ್ತೆಯೇ ಒಂದು ದಿನ ರೇಗಿದರು. "ಎಂತ ನೀನು ಸೂತಕದ ಮನೆಯಲ್ಲಿ ಕೂತ ಹಾಗೆ? ಹಳೇ ಅಳತೆ ಕೇಳಿದ್ದು ನಾನಲ್ವಾ?"

"ಸೀಮಂತ ನಂದಲ್ವಾ ಅತ್ತೆ," ಎಂದೆ ನಾನು.

"ಬಾಯಿ ಮುಚ್ಚು ನೀನು. ತಪ್ಪಿಗೂ ಪಾಲು ಕೇಳ್ತಾಳೆ ಇವಳು!"

ನಾವಿಬ್ಬರೂ ನಕ್ಕೆವು. ಸಂಕಪ್ಪಣ್ಣ ನಗಲಿಲ್ಲ. "ಸಾಬೂನು ಹಚ್ಚಿದ್ದು ಯಾರು ಅಕ್ಕ?" ಎಂದಷ್ಟೇ ಕೇಳಿದರು.

ತಿಂಗಳುಗಳು ಕಳೆದ ಹಾಗೆ ಕೈ ಇಳಿಯಿತು. ಪೂರ್ತಿ ಅಲ್ಲ. ಅರೆಯುವ ಕಲ್ಲು ನನ್ನ ಪಾಲಿಗೇ ಉಳಿಯಿತು. ಆದರೆ ಅತ್ತೆ ಮೊಮ್ಮಗನನ್ನು ಎತ್ತಿ ಸೊಂಟದಲ್ಲಿ ಕೂರಿಸಿಕೊಂಡರು. ಆ ದಿನ ಸಂಕಪ್ಪಣ್ಣ ಮಲಾರ ಬಿಚ್ಚಿ, ಮಗುವಿಗೆ ದೃಷ್ಟಿಯಾಗದ ಹಾಗೆ ಒಂದು ಜೊತೆ ಕರಿ ಬಳೆ ತೊಡಿಸಿ ಹೋದರು.

ಮುಂದೆ ನನ್ನ ನಾದಿನಿಯ ಮದುವೆ ಬಂತು. ಸಂಕಪ್ಪಣ್ಣ ಬಂದವರಿಗೆಲ್ಲ ಬಳೆ ತೊಡಿಸಿ ಅತ್ತೆಯ ಎಡಗೈಯನ್ನೂ ತುಂಬಿಸಿದರು. ಅತ್ತೆ ಬಲಗೈಯನ್ನೂ ಮುಂದೆ ಮಾಡಿದರು. ಅರಸಿನದ ದಾರ ಅಲ್ಲೇ ಇತ್ತು.

"ಒಂದಾದ್ರೂ ಹಾಕು ಮಾರಾಯ. ಎಷ್ಟು ದೊಡ್ಡದಾದ್ರೂ ಆದೀತು. ಮದುಮಗಳ ತಾಯಿ ನಾನು."

"ಬೇಡ ಅಕ್ಕ. ಕೇಳ್ಬೇಡಿ."

"ಸಡಿಲದ್ದು ಹಾಕಿದ್ರೆ ಎಂತ ಆಗ್ತದೆ?"

"ಒಡೆದ್ರೆ? ಮತ್ತೆ ಗೀರಿದ್ರೆ? ನನ್ನ ಕೈಯಿಂದ ಆಗುದಿಲ್ಲ ಅಕ್ಕ."

ಅತ್ತೆ ನನ್ನ ಮುಖ ನೋಡಿದರು. ನಾನು ಸಂಕಪ್ಪಣ್ಣನ ಕಡೆಗೇ ನಿಂತೆ. ಸಿಸ್ಟರ್ ಹೇಳಿದ್ದೂ ಅದನ್ನೇ ಅಲ್ಲವೇ. ಅನಂತರ ಹದಿನೈದು ದಿನ ಅತ್ತೆ ಸಂಕಪ್ಪಣ್ಣನಿಗೆ ಸವರಲು ಕೈ ಚಾಚುತ್ತಿದ್ದರು, ಮಾತು ಮಾತ್ರ ಬಿಟ್ಟಿದ್ದರು.

ರೋಗ ಮತ್ತೆ ಬಂದದ್ದು ಬೆನ್ನುಮೂಳೆಗೆ. ಈ ಸಲ ಆಸ್ಪತ್ರೆಯವರು ಮನೆಗೆ ಕರಕೊಂಡು ಹೋಗಿ ಎಂದರು. ಕೊನೆಯ ದಿನಗಳಲ್ಲಿ ಅತ್ತೆ ನನ್ನನ್ನು ಹತ್ತಿರ ಕರೆದು, "ಸಂಕಪ್ಪನಿಗೆ ಸರಿಯಾಗಿ ಹೇಳು. ಹಟ ನಂದು. ಅವನದ್ದು ಎಂತದೂ ಇಲ್ಲ ಅಂತ ಹೇಳು," ಎಂದರು. ಹೇಳುತ್ತೇನೆ ಎಂದೆ.

ಮಾವ ಇರುವಾಗಲೇ ಅತ್ತೆ ಮುತ್ತೈದೆಯಾಗಿ ಹೋದರು. ಹಸಿರು ಬಳೆ ತೊಡಿಸಿ ಕಳಿಸಬೇಕೆಂದು ಸಂಕಪ್ಪಣ್ಣನನ್ನು ಕರೆಸಿದೆವು. ಅವರು ಅರಸಿನದ ದಾರವನ್ನು ಬಿಚ್ಚಿ, ಮಲಾರದಲ್ಲಿದ್ದ ಎಲ್ಲಕ್ಕಿಂತ ದೊಡ್ಡ ಬಳೆಗಳನ್ನು ಆ ಬಲಗೈಗೆ ತೊಡಿಸಿದರು. ಅಮುಕಲಿಲ್ಲ, ಸಾಬೂನು ಹಚ್ಚಲಿಲ್ಲ. ಬಳೆಗಳು ಒಂದರ ಹಿಂದೆ ಒಂದು ತಾವಾಗಿಯೇ ಇಳಿದವು. "ಬದುಕಿದ್ದಾಗ ಒಂದು ಹಾಕ್ಬಹುದಿತ್ತು ತಂಗಿ," ಎಂದರು. ನಾನು ಅಳುತ್ತಿದ್ದೆ. ಅತ್ತೆ ಹೇಳಿದ ಮಾತನ್ನು ಆಗ ಹೇಳಲು ಆಗಲಿಲ್ಲ. ಆಮೇಲೆ ಅವರು ನಮ್ಮ ಮನೆಯ ದಾರಿಯನ್ನೇ ಬಿಟ್ಟರು. ಹೋಟೆಲು, ಮಕ್ಕಳು ಎಂದು ನಾನೂ ದಿನ ತಳ್ಳಿದೆ.

ಸಂಕಪ್ಪಣ್ಣನಿಗೆ ಹೃದಯದ ಕಾಯಿಲೆಯಂತೆ, ಮೈಯೆಲ್ಲ ಬಾತಿದೆಯಂತೆ ಎಂದು ಕೇಳಿದ ದಿನವೇ ಹೊರಟೆ. ಅವರ ಮನೆ ಕಬಕದಲ್ಲೇ, ನಮ್ಮಿಂದ ಕೂಗಳತೆಗಿಂತ ತುಸು ದೂರ. ಇಷ್ಟು ಹತ್ತಿರವಿದ್ದೂ ಬರಲಿಲ್ಲವಲ್ಲ ಎಂದು ನಾಚಿಕೆಯಾಯಿತು. ಅವರು ಗೋಡೆಗೆ ಒರಗಿ ಕೂತಿದ್ದರು. ಮಲಾರ ಮೂಲೆಯಲ್ಲಿತ್ತು. ನನ್ನ ಮಣಿಕಟ್ಟು ನೋಡಿ, "ಎರಡೂವರೆ ಆಗಿದ್ದೀರಿ," ಎಂದರು.

ಅತ್ತೆ ಹೇಳಿದ್ದನ್ನು ಒಂದಕ್ಷರವೂ ಬಿಡದೆ ಹೇಳಿದೆ.

"ಗೊತ್ತುಂಟು ತಂಗಿ. ಕೇಳಿದ್ದು ಅವರೇ," ಎಂದು ತಮ್ಮ ಎರಡೂ ಕೈಗಳನ್ನು ನೋಡಿಕೊಂಡರು. ಬೆರಳುಗಳು ಬಾತು ಹೊಳೆಯುತ್ತಿದ್ದವು. "ಹಾಕಿದ್ದು ಈ ಕೈ. ಹಾಕ್ಬೇಕಾದಾಗ ಹಾಕದೇ ಇದ್ದದ್ದೂ ಈ ಕೈಯೇ."

ಇಷ್ಟು ಊರುಗಳ ಹೆಂಗಸರ ಕೈ ಹಿಡಿದ ಮನುಷ್ಯನ ಕೈಯನ್ನು ಯಾರೂ ಹಿಡಿದಿರಲಿಲ್ಲ. ನಾನು ಹಿಡಿದೆ. ಅವರ ಹೆಂಡತಿ ಬಾಗಿಲಲ್ಲಿ ನಿಂತು ನೋಡುತ್ತಿದ್ದರು. ಈ ಬಾವು ಸವರಿದರೆ ಇಳಿಯುವಂಥದ್ದಲ್ಲ ಎಂದು ಡಾಕ್ಟರು ಹೇಳಿದ್ದರಂತೆ. ಇಳಿಸಲೆಂದು ನಾನೂ ಹಿಡಿದದ್ದಲ್ಲ. ಸಂಕಪ್ಪಣ್ಣ ಗಾಬರಿಯಾಗಿ ಕೈ ಎಳೆದುಕೊಳ್ಳಲು ನೋಡಿದರು, ಬೆರಳುಗಳನ್ನು ಬಿಗಿ ಮಾಡಿದರು. ನಾನು ಬಿಡಲಿಲ್ಲ.

"ಕೈ ಸಡಿಲ ಬಿಡಿ ಸಂಕಪ್ಪಣ್ಣ," ಎಂದೆ. "ಈಗ ಇದು ನಿಮ್ಮ ಕೈ ಅಲ್ಲ, ನಂದು."

ಅವರು ಮೊದಲ ಬಾರಿಗೆ ತಲೆಯೆತ್ತಿ ನನ್ನ ಮುಖ ನೋಡಿದರು. ಸ್ವಲ್ಪ ಹೊತ್ತಿನ ಮೇಲೆ ಕೈ ಸಡಿಲ ಬಿಟ್ಟರು.