ಒಂದೇ ಸಲ ಕರೆದರೆ

ತಾಜಮಹಲು ಹೇಗಿತ್ತಜ್ಜಿ ಎಂದು ಕೇಳಬೇಡಿ ಮಕ್ಕಳೇ. ಬೆಳ್ಳಗಿತ್ತು, ಜನ ತುಂಬಿದ್ದರು, ಅಷ್ಟೇ ನೆನಪು. ಮರುದಿನ ನಾನು ಕಳೆದುಹೋದೆನಲ್ಲ, ಅದು ಮಾತ್ರ ಒಂದೊಂದೂ ನೆನಪಿದೆ.

ಹೋದ ತಿಂಗಳು ಸಕಲೇಶಪುರದಿಂದ ಹೊರಟ ಟೂರಿನಲ್ಲಿ ನಾನೂ ಗಿರಿಜಕ್ಕನೂ ಇದ್ದೆವು. (ಗಿರಿಜಕ್ಕ ನನ್ನ ವಾರಗಿತ್ತಿ, ನಿಮ್ಮ ದೊಡ್ಡಜ್ಜಿ. ನಮ್ಮೂರು ಯಸಳೂರು ದಾಟಿದ ಮೇಲೆ ಧೈರ್ಯವೆಲ್ಲ ಅವಳದು, ಬ್ಯಾಗು ನನ್ನದು.) ಆಗ್ರಾದ ಹತ್ತಿರ ಫತೇಪುರ್ ಸಿಕ್ರಿ. ಅಕ್ಬರ ಕಟ್ಟಿಸಿ ಬಿಟ್ಟುಹೋದ ಊರು. ನೀರಿಗೆ ತತ್ವಾರವಾಗಿ ಬಿಟ್ಟನಂತೆ, ಗೈಡು ಹೇಳಿದ. ವರ್ಷದಲ್ಲಿ ಅರ್ಧ ಕಾಲ ಕೊಡೆ ಮಡಚದ ನಮಗೆ ಇದು ನಂಬುವ ಮಾತೇ?

ಮೊದಲು ಮಸೀದಿ ನೋಡಿದೆವು. ಅಂಗಳದ ಒಂದು ಬದಿಗೆ ಸಾಲು ಸಾಲು ಗೋರಿಗಳು. ಗಿರಿಜಕ್ಕ ನನ್ನ ಕೈ ಹಿಡಿದಳು. "ಬೇಗ ನಡಿ ಮಾರಾಯ್ತಿ, ಹೊತ್ತು ಮುಳುಗ್ತಾ ಐತೆ."

ಅಲ್ಲಿಂದ ಅರಮನೆ. ಕೆಂಪು ಕಲ್ಲಿನ ಗೋಡೆಯೊಂದರಲ್ಲಿ ಬಳ್ಳಿ, ಎಲೆ, ಕಾಯಿ ಕೊರೆದಿದ್ದರು. ನಮ್ಮ ಮೆಣಸಿನ ಬಳ್ಳಿಯೇ ಕಲ್ಲಾದಂತೆ. ಬೆರಳಾಡಿಸುತ್ತ ನಿಂತೆ. ತಿರುಗಿದರೆ ಯಾರೂ ಇಲ್ಲ.

ಕಂಬ, ಕಂಬದಾಚೆ ಬಾಗಿಲು, ಬಾಗಿಲಾಚೆ ಮತ್ತೆ ಕಂಬ. ಹಿಂದಿ ಬಾರದು. ಹೋಟೆಲಿನ ಹೆಸರು ಗೊತ್ತಿಲ್ಲ. (ಗಿರಿಜಕ್ಕನಿಗೆ ಗೊತ್ತಿರುತ್ತದಲ್ಲ, ನನಗೇಕೆ?) ಅಂದೇ ರಾತ್ರಿ ಊರಿನ ರೈಲು. ದೂರದಲ್ಲಿ ಕಾವಲಿನವನು ಸೀಟಿ ಊದುತ್ತ ಜನರನ್ನು ಹೊರಡಿಸುತ್ತಿದ್ದ.

"ಅಕ್ಕಾ" ಎಂದೆ. ದನಿ ಕಲ್ಲಿಗೆ ಬಡಿದು ವಾಪಸು ಬಂತು. ಸಂತೆಯಲ್ಲೂ ಗಟ್ಟಿಯಾಗಿ ಮಾತಾಡಿದವಳಲ್ಲ ನಾನು. ನನ್ನ ದನಿಗೆ ನಾನೇ ನಾಚಿದೆ.

ಯಾರೂ ಓಗೊಡಲಿಲ್ಲ.

ಬಿಟ್ಟು ಹೋದರು ಎಂದುಕೊಂಡೆ. ಅಲ್ಲೇ ಕಂಬದ ಬುಡದಲ್ಲಿ ಕುಳಿತುಬಿಟ್ಟೆ. ಒಂದು ಇಡೀ ಊರನ್ನೇ ಬಿಟ್ಟುಹೋದ ಜಾಗ ಇದು, ನಾನು ಯಾವ ಲೆಕ್ಕ?

ಆಗ ಅತ್ತೆ ನೆನಪಾದರು. ಮಬ್ಬಾದ ಮೇಲೆ ತೋಟದ ಕಡೆಯಿಂದ ಯಾರಾದರೂ ಕರೆದರೆ ಸೊಸೆಯರಿಬ್ಬರಿಗೂ ಹೇಳುತ್ತಿದ್ದರು. "ಒಂದೇ ಸಲಕ್ಕೆ ಓಗೊಡಬ್ಯಾಡ್ರೇ. ದೆವ್ವ ಆದ್ರೆ ಒಂದೇ ಸಲ ಕರೆಯೋದು. ಮನ್ಸ ಆದ್ರೆ ಮೂರು ಸಲ ಕರೀತಾನೆ."

ಗಿರಿಜಕ್ಕ ಅದಕ್ಕೇ ಸುಮ್ಮನಿದ್ದರೆ? ಅವಳ ಜಾಗದಲ್ಲಿ ನಾನಿದ್ದರೂ ಬಾಯಿ ಬಿಡುತ್ತಿರಲಿಲ್ಲ. ಹಾಗಾದರೆ ಇನ್ನೆರಡು ಸಲ ಕರೆಯಬೇಕು. ಗಂಟಲಿನಿಂದ ಗಾಳಿ ಮಾತ್ರ ಹೊರಟಿತು. ಸೀಟಿ ನಿಂತುಹೋಯಿತು. ಕಣ್ಣು ಮುಚ್ಚಿಕೊಂಡು ಕೂಗಿದೆ. ಇನ್ನೊಮ್ಮೆ ಕೂಗಿದೆ.

"ಓ... ಎಲ್ಲಿದ್ದೀಯೇ?"

ಗೋಡೆಯ ಆಚೆಯೇ ಇದ್ದಳು. ಸೆರಗನ್ನು ಮುಷ್ಟಿಯಲ್ಲಿ ಹಿಡಿದು, ಬೆವೆತು ನಿಂತಿದ್ದಳು.

"ಮೊದಲ್ನೇ ಸಲ ಕೇಳಿಸ್ಲಿಲ್ವೇನಕ್ಕ?"

"ಕೇಳಿಸ್ತು ಕಣೆ. ಅಷ್ಟೊಂದು ಗೋರಿ ನೋಡ್ಕೊಂಡು ಬಂದಿದೀವಿ, ಯಾರು ಅಂತ ಓಗೊಡ್ಲಿ? ಮೂರು ಸಲ ಕರೆಯೋಕೆ ನಿಂಗೇನಾಗಿತ್ತು ಧಾಡಿ?"

"ಹೆದರ್ಕೆ ಆಗಿತ್ತು."

ಗಿರಿಜಕ್ಕ ಬಯ್ಯುವುದನ್ನು ನಿಲ್ಲಿಸಿದಳು. ಬಸ್ಸಿನವರೆಗೆ ಕೈ ಬಿಡಲಿಲ್ಲ.

ಅತ್ತೆಯ ಮಾತನ್ನು ಈವರೆಗೆ ಮೀರಿದವಳಲ್ಲ ನಾನು. ಆದರೆ ನಿಜಕ್ಕೂ ಹೆದರಿದವರಿಗೆ ಮೂರು ಸಲ ಕರೆಯುವಷ್ಟು ದನಿ ಎಲ್ಲಿಂದ ಬರಬೇಕು? ಹಾಗಾಗಿ ಈಗ ಹಿತ್ತಲಿನಿಂದ ಒಂದೇ ಸಲ ಕರೆದರೂ ನಾನು "ಓ" ಎನ್ನುತ್ತೇನೆ. ಎದೆ ಹೊಡೆದುಕೊಳ್ಳುತ್ತದೆ, ಆದರೂ ಎನ್ನುತ್ತೇನೆ.

ದೆವ್ವವೇ ಆದರೂ, ಪಾಪ, ಅದಕ್ಕೂ ದಾರಿ ತಪ್ಪಿರಬಹುದಲ್ಲವೇ?